ಎರಡು ಕುಂಡಗಳ ಪ್ರಿಮ್ಯುಲಾ

ಕರ್ಕ್‌ಲ್ಯಾಂಡಿನ ನಮ್ಮ ಮನೆಯ ಉತ್ತರದ ಗೋಡೆಗೆ ಬಿಸಿಲು ಬೀಳುವುದಿಲ್ಲ. ಬೀಳುತ್ತದೆ, ಜೂನ್ ಸಂಜೆಗಳಲ್ಲಿ ಒಂದಿಷ್ಟು. ಅಲ್ಲಿ ಎರಡು ಕುಂಡಗಳಲ್ಲಿ, ಎತ್ತರದ ಬೆಟ್ಟಗಳಲ್ಲಿ ಬೆಳೆಯುವ ಪುಟ್ಟ ಹೂಗಿಡ, ಪ್ರಿಮ್ಯುಲಾ ಬೆಳೆಸಿದೆ. ಬೀಜದಿಂದ. ಮೂರು ವರ್ಷ ಹಿಡಿಯಿತು ಎಂದು ಎಲ್ಲರಿಗೂ ಹೇಳುತ್ತೇನೆ; ನಾಲ್ಕೂ ಇರಬಹುದು. ಚಳಿ ಅವನ್ನು ಏನೂ ಮಾಡುವುದಿಲ್ಲ, ಮಳೆ ಕೊಳೆಸುತ್ತದೆ. ಚಳಿಗಾಲವಿಡೀ ಮೇಲೆ ಗಾಜು ಮುಚ್ಚುವುದು, ಮೀಟಿಂಗುಗಳ ನಡುವೆ ಹೋಗಿ ಕೊಳೆತ ಎಲೆ ಚಿವುಟುವುದು. ಸಾಕಾಗಿತ್ತು. ಗಿಡಗಳೂ ಸೊರಗುತ್ತಿದ್ದವು. ಬೀಜ ಸಿಗದಿದ್ದರೆ ಇಲ್ಲಿಗೆ ಮುಗಿಯಿತು. ಮತ್ತೆ ಮೊದಲಿಂದ ಶುರು ಮಾಡುವ ಶಕ್ತಿ ನನಗಿರಲಿಲ್ಲ.

ಬೀಜವಾಗಲು ಒಂದು ಗಿಡದ ಪರಾಗ ಇನ್ನೊಂದಕ್ಕೆ ತಾಗಬೇಕು. ಆ ಏಪ್ರಿಲ್‌ನಲ್ಲಿ ಎರಡೂ ಮೊದಲ ಸಲ ಒಟ್ಟಿಗೆ ಹೂಬಿಟ್ಟವು. ಸಣ್ಣ ಕುಂಚದಿಂದ ಪರಾಗ ದಾಟಿಸಿದೆ. ಎಲ್ಲ ಹೂಗಳಿಗೂ ಎಂದು ಬರೆಯಬಹುದು. ಆ ದಿನ ಬಹಳ ಸುಸ್ತಾಗಿತ್ತು. ಎಲ್ಲಕ್ಕೂ ಇರಲಾರದು.

ಮಾರನೆಯ ಬೆಳಿಗ್ಗೆ ಹೂಗಳಿರಲಿಲ್ಲ. ಆರು ತಿಂಗಳಿಗೆಂದು ಮೈಸೂರಿನಿಂದ ಬಂದಿದ್ದ ಅತ್ತೆ ಪೂಜೆಗೆ ಕೂತಿದ್ದರು. ಪಟಗಳ ಮೇಲೆ ನನ್ನ ನೇರಳೆ ಹೂಗಳು.

“ಅತ್ತೆ, ಅದನ್ಯಾಕೆ ಕಿತ್ರಿ? ಬೀಜಕ್ಕೆ ಅಂತ ಬಿಟ್ಟಿದ್ದೆ.”

“ಹಿತ್ತಲಲ್ಲಿರೋ ಹೂವೆಲ್ಲ ಕಿತ್ಕೊಳ್ಳಿ ಅಂದೋಳು ನೀನೇ ಅಲ್ವೇನೇ?”

ಅಂದಿದ್ದೆನೇ? ಅಂದಿರಬಹುದು. ಅವರು ಬಂದಿಳಿದ ದಿನ ಏನೇನು ಅಂದೆನೋ.

“ದೇವರಿಗೆ ತಾನೇ ಹೋಗಿದ್ದು, ನಾನೇನು ಮುಡ್ಕೊಂಡ್ನಾ? ಗಿಡಕ್ಕೂ ನೋವು ಮಾಡಿಲ್ಲ. ನಂದಿಬಟ್ಟಲು ಬಿಡಿಸೋ ಹಾಗೆ, ಹಸಿರು ಬಿಟ್ಟು ಹೂವಷ್ಟೇ ಎಳ್ಕೊಂಡಿದೀನಿ. ಹೋಗಿ ನೋಡು, ಮುಖ ಊದಿಸ್ಕೋಬೇಡ.”

ಹೋಗಿ ನೋಡಿದೆ. ಪುಟ್ಟ ಹಸಿರು ಬಟ್ಟಲುಗಳು ತೊಟ್ಟಿನ ಮೇಲೆ ಹಾಗೇ ನಿಂತಿದ್ದವು. ಕಾಯಿ ಕಟ್ಟುವುದು ಅದರೊಳಗೇ. ಪರಾಗ ಆಗಲೇ ತಾಗಿದ್ದರೆ ಬೀಜವಾಗಬಹುದು. ಅತ್ತೆಗೆ ಇದನ್ನು ಹೇಳಲಿಲ್ಲ. ಮರುದಿನದಿಂದ ಪೂಜೆಗೆ ಅಂಗಡಿಯ ಸೇವಂತಿಗೆ ತಂದೆ.

ಜುಲೈನಲ್ಲಿ ಒಂದೇ ಒಂದು ಕಾಯಿ ಉಬ್ಬಿತು, ಉಳಿದವು ಒಣಗಿದವು. ಅದು ನನ್ನ ಕುಂಚದ್ದೋ, ಹೂ ಕೀಳುತ್ತಾ ಒಂದು ಕುಂಡದಿಂದ ಇನ್ನೊಂದಕ್ಕೆ ಪರಾಗ ಒಯ್ದ ಅತ್ತೆಯ ಬೆರಳಿನದೋ. ಬೆರಳಿನದು ಎಂದು ಬರೆದರೆ ಚೆಂದ ಕಾಣುತ್ತದೆ; ಅದಕ್ಕೇ ನಂಬಿಕೆ ಬರುವುದಿಲ್ಲ.

ಅಷ್ಟರಲ್ಲಿ ಮೈಸೂರಿಗೆ ಮರಳಿದ್ದ ಅವರು ಫೋನಿನಲ್ಲಿ ಕೇಳಿದರು:

“ನಿನ್ನ ಗಿಡ ಬೀಜ ಕಟ್ತೇನೇ?”

“ಒಂದು ಕಾಯಿ ಬಂತು ಅತ್ತೆ.”

“ಅಷ್ಟು ರಂಪಕ್ಕೆ ಒಂದೇನಾ?”

ರಂಪ ಮಾಡಿದ್ದು ನನಗೆ ನೆನಪಿಲ್ಲ. ಫೋನಿಟ್ಟು, ಕಾಯಿ ಒಡೆದು, ಮೆಣಸಿನ ಪುಡಿಯಂಥ ಬೀಜವನ್ನು ಹೊಸ ಕುಂಡದಲ್ಲಿ ಉದುರಿಸಿದೆ. ಮಂಡಿ ನೋಯುತ್ತಿತ್ತು. ಒಳಗೆ ಹೋಗಲಾಗದೆ ಅಲ್ಲೇ ಒದ್ದೆ ಮೆಟ್ಟಿಲ ಮೇಲೆ ಕೂತೆ.