ತಣ್ಣಗಿನ ಅಂಗೈ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಬಹಳ ದೊಡ್ಡ ದೂರದರ್ಶಕವೊಂದಕ್ಕೆ ಅವಕೆಂಪು ಉಪಕರಣ ವಿನ್ಯಾಸ ಮಾಡುವ ತಂಡದಲ್ಲಿದ್ದೆ. ಕಣ್ಣಿಗೆ ಕಾಣದ ಶಾಖದ ಬೆಳಕನ್ನು ಹಿಡಿಯುವ ಪೆಟ್ಟಿಗೆ ಅದು. ನಕ್ಷೆ ಮುಗಿಸಿ, ಅಪ್ಪನಿಗೆ ತೋರಿಸಬೇಕೆಂದು ಮೂಡಬಿದಿರೆಯ ಮನೆಗೆ ಬಂದಾಗ ತಡವಾಗಿತ್ತು. ಬೆಳ್ತಂಗಡಿಯ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ಟ್ರಾಗಿದ್ದ ಅಪ್ಪನ ಕಣ್ಣು ಮಂಜಾಗಿತ್ತು. ಬಂಟ್ವಾಳದ ಡಾಕ್ಟರು ಕೈಚೆಲ್ಲಿದ್ದರು.

ನನಗೆ ಗೆರೆ ಎಳೆಯಲು ಕಲಿಸಿದವರು ಅವರೇ. ನನ್ನ ನಕ್ಷೆಯಲ್ಲಿ ತಪ್ಪು ಹುಡುಕುವುದೆಂದರೆ ಅವರಿಗೆ ಹಬ್ಬ. ಈ ಸಲ ಹಾಳೆಯನ್ನು ಮೂಗಿಗೆ ತಾಗಿಸಿಕೊಂಡು ಬಹಳ ಹೊತ್ತು ಕೂತರು.

"ಚಂದ ಉಂಟು" ಎಂದರು.

ಅವರು ನನ್ನ ಯಾವ ನಕ್ಷೆಯನ್ನೂ ಚಂದ ಎಂದವರಲ್ಲ. ನನಗೆ ಅಳು ಬರುವಷ್ಟು ಸಿಟ್ಟು ಬಂತು.

ನಮ್ಮದು ಜೈನರ ಮನೆ. ಹೊತ್ತು ಮುಳುಗುವ ಮೊದಲೇ ಊಟ ಮುಗಿದು ಒಲೆ ಆರುತ್ತದೆ. ಆ ಸಂಜೆ ಅಪ್ಪನನ್ನು ಅಡುಗೆಮನೆಯಲ್ಲಿ ಕೂರಿಸಿ ಕಿಟಕಿ ಮುಚ್ಚಿದೆ. ಅಮ್ಮ ಹಲಸಿನ ಬೀಜ ಹುರಿದಿದ್ದ, ಇನ್ನೂ ಬಿಸಿಯಿದ್ದ ಕಾವಲಿಯನ್ನು ಗೋಡೆಗೆ ಒರಗಿಸಿದೆ.

"ಕಾವಲಿ ಎಲ್ಲಿ ಉಂಟು ಅಂತ ಮುಟ್ಟದೆ ಹೇಳಿ ಅಪ್ಪ."

ಅವರು ಅಂಗೈ ಚಾಚಿ ಕತ್ತಲೆಯನ್ನು ಸವರಿದರು. "ಏನೂ ಗೊತ್ತಾಗುವುದಿಲ್ಲ ಮಾರಾಯ್ತಿ."

ಹೇಗೆ ಗೊತ್ತಾಗಬೇಕು? ಬಿಸಿ ಗಂಜಿಯ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುವ ಅಭ್ಯಾಸ ಅವರದು. ಆಗಷ್ಟೇ ಹಾಗೆ ಕುಡಿದ ಅಂಗೈ ಇನ್ನೂ ಬಿಸಿಯಾಗಿಯೇ ಇತ್ತು. ನಮ್ಮ ಉಪಕರಣದ ಕಷ್ಟವೂ ಇದೇ: ತಾನೇ ಬೆಚ್ಚಗಿದ್ದರೆ ಆಕಾಶದಿಂದ ಬರುವ ಅಷ್ಟಿಷ್ಟು ಶಾಖ ಅದಕ್ಕೆ ತಿಳಿಯುವುದಿಲ್ಲ. ಅದನ್ನು ವಿಪರೀತ ತಣ್ಣಗಿಡುವುದು ಹೇಗೆಂದು ಯೋಚಿಸುವುದೇ ನನ್ನ ಕೆಲಸ.

ಮಣ್ಣಿನ ಮಡಕೆಯ ನೀರಿನಲ್ಲಿ ಅವರ ಕೈ ಅದ್ದಿ ಒರೆಸುತ್ತಾ, "ನಮ್ಮ ಪೆಟ್ಟಿಗೆಯನ್ನೂ ಹೀಗೇ ತಣ್ಣಗಿಡಬೇಕು ಅಪ್ಪ, ಇಲ್ಲದಿದ್ದರೆ ಅದಕ್ಕೂ ಏನೂ ಗೊತ್ತಾಗುವುದಿಲ್ಲ" ಎಂದೆ. ಈಗ ಆ ಕೈ ತೇಲಿದಂತೆ ಹೋಗಿ ಕಾವಲಿಯ ಎದುರು ನಿಂತಿತು. ಅಪ್ಪ ಅದನ್ನು ಮುಟ್ಟದೆ ಗಾಳಿಯಲ್ಲೇ ಒಂದು ವೃತ್ತ ಎಳೆದರು. ಆಮೇಲೆ ಒಲೆಯ ಕಲ್ಲು, ಗಂಜಿಯ ಪಾತ್ರೆ. ಒಂದೊಂದು ಸಿಕ್ಕಾಗಲೂ ಮಗುವಿನ ಹಾಗೆ ನಗುತ್ತಿದ್ದರು. ಹೊರಗೆ ಇನ್ನೂ ಬೆಳಕಿತ್ತು. ಒಳಗೆ ನಾವಿಬ್ಬರೂ ಯಾವುದೋ ನಿದ್ದೆಯೊಳಗೆ ನಡೆಯುತ್ತಿದ್ದಂತೆ ನನಗನ್ನಿಸಿತು.

ಕೈ ನನ್ನ ಕಡೆ ಬಂದು ಕೆನ್ನೆಯ ಹತ್ತಿರ ನಿಂತಿತು.

"ಇದು ನೀನು" ಎಂದರು. ಕೈ ಇಳಿಸಿ, "ಆ ನಕ್ಷೆಯಲ್ಲಿ ನನಗೆ ಒಂದು ಗೆರೆಯೂ ಕಾಣಲಿಲ್ಲ ಮಗಾ" ಎಂದರು.

"ಗೊತ್ತುಂಟು ಅಪ್ಪ."

"ಪೆಟ್ಟಿಗೆ ಈಗ ಕಂಡಿತು. ಬಿಸಿ ಒಳಗೆ ನುಗ್ಗುವುದು ಎಲ್ಲಿಂದ? ಅದನ್ನು ಹೇಳು."