ಹ್ಯಾಂಡ್‌ಬ್ರೇಕ್ ಬಿಟ್ಟಿದೆ ಎಂದವಳು

ಹ್ಯಾಂಡ್‌ಬ್ರೇಕು ಬಿಟ್ಟಿರಲಿಲ್ಲ, ನಳಿನಿ. ಬಿಟ್ಟಿದೆ ಎಂದು ನಾನು ಹೇಳಿದ್ದು ಸುಳ್ಳು — ಗೊತ್ತಿದ್ದೂ ಹೇಳಿದ ಸುಳ್ಳು. ಇಷ್ಟು ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ನಿನ್ನ ಜೊತೆ ಕಾಫಿ ಕುಡಿದಿದ್ದೇನೆ.

ಸಾಂಟಾ ಕ್ಲಾರಾದ ಆ ಅಪಾರ್ಟ್‌ಮೆಂಟಿನಲ್ಲಿ ನಾವು ಎದುರುಬದುರು ಮನೆಯವರು. ಯಾರ ಬಾಯಲ್ಲಿ ಕೇಳಿದರೂ ಡಾಟ್‌ಕಾಂ, ಡಾಟ್‌ಕಾಂ ಎನ್ನುತ್ತಿದ್ದ ಕಾಲ. ನೀನು ಹುಬ್ಬಳ್ಳಿಯಿಂದ ಬಂದ ಇಂಜಿನಿಯರು. ವಾರವೆಲ್ಲ ಆಫೀಸು, ಶನಿವಾರ ಬಂತೆಂದರೆ ಲೈಬ್ರರಿಯ ಪುಸ್ತಕ ತೆರೆದಿಟ್ಟುಕೊಂಡು ನಿನ್ನ ಹಳೆಯ ಕಾರಿನ ರಿಪೇರಿ. ನಾನು ಗಂಡನ ವೀಸಾದ ಬಾಲ ಹಿಡಿದು ಬಂದವಳು. ಕೆಲಸ ಮಾಡುವಂತಿಲ್ಲ, ಇಲ್ಲಿನ ಡ್ರೈವಿಂಗ್ ಟೆಸ್ಟಿನಲ್ಲೂ ಡುಮ್ಕಿ. "ನಳಿನಿ ನೋಡು, ಆಯಿಲ್ಲು ತಾನೇ ಚೇಂಜ್ ಮಾಡ್ಕೋತಾಳೆ" ಎಂದು ನನ್ನ ಗಂಡ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರು. ನಾನು ಬಡಿಸಿದ ಹುಳಿಯ ಬಗ್ಗೆ ಒಂದು ಮಾತಿಲ್ಲ. ಹೊಟ್ಟೆ ಉರಿಯುತ್ತಿತ್ತು — ನಿನ್ನ ಕೈಗೆ ಮೆತ್ತಿದ ಗ್ರೀಸು ಕಂಡರೂ ಉರಿಯುತ್ತಿತ್ತು.

ಆ ಶನಿವಾರ ನೀನು ಹಿಂದಿನ ಚಕ್ರದ ಬ್ರೇಕು ಬದಲಿಸಬೇಕಿತ್ತು. ನಿನ್ನ ಗಂಡನಿಗೆ ಈ ಹುಚ್ಚು ಸೇರುತ್ತಿರಲಿಲ್ಲ. ಇದೊಂದು ಆಗದಿದ್ದರೆ ಟೂಲ್‌ಬಾಕ್ಸು ಮಾರಿಬಿಡುವುದೆಂದು ಮನೆಯಲ್ಲಿ ಮಾತಾಗಿದೆ ಎಂದು ನೀನೇ ನನಗೆ ಹೇಳಿದ್ದೆ. ಅಂಥ ದಿನವೂ, ನನಗೆ ಅಭ್ಯಾಸವಾಗಲಿ ಎಂದು, ಕಾರನ್ನು ಪಾರ್ಕಿಂಗಿನ ಸೂರಿನ ಕೆಳಗೆ ತರಲು ಕೀ ನನ್ನ ಕೈಗೇ ಕೊಟ್ಟೆ. ಮೈಸೂರಿನಲ್ಲಿ ಅಪ್ಪ ಕಲಿಸಿದ ಹಾಗೆ, ನಾನು ನಿಲ್ಲಿಸಿದ ತಕ್ಷಣ ಹ್ಯಾಂಡ್‌ಬ್ರೇಕು ಎಳೆದೆ. ಅಲ್ಲಿಯವರೆಗೆ ಅದು ಬರೀ ರೂಢಿ.

ನೀನು ಚಕ್ರ ಬಿಚ್ಚಿದೆ. ಒಳಗಿನ ಬ್ರೇಕ್ ಡ್ರಮ್ಮು — ಬೋಗುಣಿ ಬೋರಲು ಹಾಕಿದಂಥ ಆ ಕಬ್ಬಿಣ — ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ತುಕ್ಕಿಗೆ ಎಣ್ಣೆ ಬಿಟ್ಟೆ, ಸುತ್ತಿಗೆಯಿಂದ ಸುತ್ತಲೂ ಬಡಿದೆ, ಬೆವರು ಒರೆಸಿಕೊಳ್ಳುತ್ತಾ ಕೂಗಿದೆ:

"ವಿಮಲಾ, ಹ್ಯಾಂಡ್‌ಬ್ರೇಕ್ ಬಿಟ್ಟೈತೇನ್ ನೋಡವಾ ಸ್ವಲ್ಪ."

ನಾನು ಕಾರಿನ ಬಾಗಿಲಿನಿಂದ ಬಗ್ಗಿ ನೋಡಿದೆ. ಎಳೆದೇ ಇತ್ತು. ಅದು ಎಳೆದಿದ್ದರೆ ಬ್ರೇಕು ಡ್ರಮ್ಮನ್ನು ಒಳಗಿನಿಂದ ಕಚ್ಚಿಕೊಂಡಿರುತ್ತದೆ ಎಂದು ಹಿಂದಿನ ದಿನವಷ್ಟೇ ನೀನು ವಿವರಿಸಿದ್ದೆ. ಕೈ ಚಾಚಿದರೆ ಸಾಕಿತ್ತು...

"ಬಿಟ್ಟಿದೆ," ಎಂದೆ.

ನೀನು ನಂಬಿದೆ. ಮತ್ತೆ ಬಡಿದೆ. ಸದ್ದಿಗೆ ಗಂಡಸರು ಒಬ್ಬೊಬ್ಬರಾಗಿ ಇಳಿದು ಬಂದು ನಿಂತರು. ಕೊನೆಗೆ ನೀನು ಸೋತು ಕೈ ತೊಳೆಯಲು ಹೋದಾಗ — ಮರುಕದಿಂದಲ್ಲ, ಸಿಕ್ಕಿಬೀಳುವ ಭಯದಿಂದ — ನಾನು ನೀರಿನ ಬಾಟಲಿ ತೆಗೆಯುವ ನೆಪದಲ್ಲಿ ಒಳಗೆ ಬಗ್ಗಿ ಹ್ಯಾಂಡ್‌ಬ್ರೇಕು ಇಳಿಸಿಬಿಟ್ಟೆ. ನೀನು ಮರಳಿ ಬರುವ ಹೊತ್ತಿಗೆ ನಿನ್ನ ಗಂಡ ಡ್ರಮ್ಮಿಗೆ ಕೈ ಹಾಕಿದ್ದರು. ಪಾತ್ರೆಯ ಮುಚ್ಚಳದ ಹಾಗೆ ಬಂತು. "ಇಷ್ಟಕ್ಕ ಮುಂಜಾನಿಂದ ಬಡಕೊಂತ ಕುಂತಿದ್ದೇನು?" ಎಂದರು. ಎಲ್ಲರೂ ನಕ್ಕರು. ನನ್ನ ಗಂಡನೂ ನಕ್ಕರು — ನಾನು ಕಾದಿದ್ದೇ ಅದಕ್ಕೆ. ನೀನು ನಿನ್ನ ಅಂಗೈಗಳನ್ನೇ ನೋಡುತ್ತಾ ನಿಂತಿದ್ದೆ. ನನಗೆ ಖುಷಿಯಾಯಿತು, ನಳಿನಿ. ಅದನ್ನೂ ಹೇಳಿಬಿಡಬೇಕು.

ಟೂಲ್‌ಬಾಕ್ಸು ಮಾರಿದ್ದಾಯಿತು. ಇವತ್ತಿಗೂ ನೀನು ಗ್ಯಾರೇಜಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕಾಯುತ್ತೀಯ. ಮೊನ್ನೆ "ನನ್ನ ಕೈಯಾಗ ಆ ಕೆಲಸ ಇರಲಿಲ್ಲ ಬಿಡವಾ" ಎಂದೆಯಲ್ಲ — ಆಗಲೂ ನಾನು ಸಕ್ಕರೆ ಕಲಕುತ್ತಾ ಕೂತಿದ್ದೆ.

ಇತ್ತು, ನಳಿನಿ. ತುಕ್ಕು ಬಿಡಿಸಿದ್ದು ನಿನ್ನ ಸುತ್ತಿಗೆಯೇ. ಹಿಡಿದಿಟ್ಟವಳು ನಾನು. ಆ ದಿನ ನಕ್ಕವರ ಎದುರಿಗೇ ಇದನ್ನು ಹೇಳುತ್ತೇನೆ — ಮೊದಲು ನನ್ನ ಗಂಡನ ಎದುರಿಗೆ.