ಬೇಡ ಅಂದರೆ ಬೇಡವೇ ಆಗುವ ಊರಲ್ಲಿ ಶೋಭನಾ

ದೂರದ ಪರದೇಶದ ಶೋವ್ಡೆ ಊರಿಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಶಾಲೆಯೊಂದರ ಅಡುಗೆಮನೆಯಲ್ಲಿ ಶೋಭನಾ ಆಗಲೇ ಏಪ್ರನ್ ಕಟ್ಟಿಕೊಂಡು, ಹಂಡೆಯಂಥ ಪಾತ್ರೆಗೆ ಆಲೂಗಡ್ಡೆ ಸುರಿಯುತ್ತಿದ್ದಾರೆ. ಮಧ್ಯಾಹ್ನ ಮುನ್ನೂರು ಮಕ್ಕಳ ಹೊಟ್ಟೆ ತುಂಬಬೇಕು. “ಆಲೂಗಡ್ಡೆ ಇಲ್ದಿದ್ರೆ ಇವ್ರಿಗೆ ಊಟಾನೇ ಆಗಲ್ಲ. ನಮಗೆ ಅನ್ನ ಇದ್ದಹಾಗೆ” ಎಂದು ನಗುತ್ತಾರೆ. ಬಾಯಿ ನಗುತ್ತಿದೆ, ಕಣ್ಣು ಮಾತ್ರ ಪದೇ ಪದೇ ಬಾಗಿಲ ಕಡೆಗೆ ಹೋಗುತ್ತಿದೆ. ಅಡುಗೆಮನೆಯ ಮುಖ್ಯಸ್ಥೆ ಗುನಿಲ್ಲಾ ಇವತ್ತು ಕಾಯಂ ಕೆಲಸದ ಮಾತು ಎತ್ತಬಹುದು.

ಅರಸೀಕೆರೆಯ ಶೋಭನಾ ಇಲ್ಲಿಗೆ ಬಂದದ್ದು ಗಂಡ ಶ್ರೀನಾಥರಿಗೆ ಎಂಜಿನ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಾಗ. ಶೋಭನಾ ಅವರದು ಇನ್ನೂ ಬದಲಿ ಕೆಲಸ. ಯಾರಾದರೂ ರಜೆ ಹಾಕಿದರೆ ಬೆಳಗಿನ ಜಾವ ಫೋನ್ ಬರುತ್ತದೆ. ಬಾರದಿದ್ದರೆ ಆ ದಿನ ಮನೆಯಲ್ಲೇ. ಹಲ್ಲುಜ್ಜುವಾಗಲೂ ಫೋನ್ ಪಕ್ಕದಲ್ಲಿರಬೇಕು.

ಕಾಯಂ ಕೆಲಸ ಹೋದ ವರ್ಷವೇ ಸಿಗಬೇಕಿತ್ತು. ಫೀಕಾ ಹೊತ್ತಿನಲ್ಲಿ, ಅಂದರೆ ಎಲ್ಲರೂ ಒಟ್ಟಿಗೆ ಕೂತು ಕಾಫಿ ಕುಡಿಯುವ ಬಿಡುವಿನಲ್ಲಿ, “ಒಂದು ಜಾಗ ಖಾಲಿಯಾಗಿದೆ, ನಿನಗೆ ಬೇಕಾ?” ಎಂದು ಗುನಿಲ್ಲಾ ಕೇಳಿದ್ದರು. ತಕ್ಷಣ ಹ್ಞೂಂ ಎಂದರೆ ಆಸೆಬುರುಕಿ ಅಂದುಕೊಂಡಾರು ಎಂದು ಶೋಭನಾ, “ಅಯ್ಯೋ, ನನಗ್ಯಾಕೆ, ಬೇರೆಯವರಿಗೆ ಕೊಡಿ” ಎಂದುಬಿಟ್ಟರು. ಗುನಿಲ್ಲಾ ಸರಿ ಎಂದು ತಲೆಯಾಡಿಸಿದರು. ಇನ್ನೊಂದು ಸಲ ಕೇಳಿಯೇ ಕೇಳುತ್ತಾರೆಂದು ಇವರು ವಾರವಿಡೀ ಕಾದರು. ಜಾಗ ಇನ್ನೊಬ್ಬಾಕೆಯ ಪಾಲಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

“ನೀನೇ ಬೇಡ ಅಂದ್ಯಲ್ಲೇ?” ಎಂದರಂತೆ ಶ್ರೀನಾಥ.

“ಮೊದಲ್ನೇ ಸಲ ಬೇಡ ಅಂತ ತಾನೇ ಅನ್ನೋದು! ಒಂದು ಬಲವಂತ ಇಲ್ಲ, ಉಪಚಾರ ಇಲ್ಲ. ಎಂಥಾ ಜನಾರೀ ಇವ್ರು!”

ಅಂದು ಅತ್ತದ್ದನ್ನು ಈಗ ನಕ್ಕು ಹೇಳುತ್ತಾರೆ. “ಅವ್ರದೇನೂ ತಪ್ಪಿಲ್ಲ ಬಿಡಿ. ನಾವಾಡಿದ ಮಾತಿಗೆ ಬೆಲೆ ಕೊಡ್ತಾರೆ. ಅದೇ ನನಗೆ ಮುಳುವಾಯ್ತು.”

ಈಗ ಆ ಇನ್ನೊಬ್ಬಾಕೆ ಕೆಲಸ ಬಿಟ್ಟು ಲುಂಡ್ ಎಂಬ ಊರಿಗೆ ಹೊರಟಿದ್ದಾರೆ, ಜಾಗ ಮತ್ತೆ ಖಾಲಿ. ಫೀಕಾ ಶುರುವಾಗುತ್ತದೆ. ತಟ್ಟೆಯಲ್ಲಿ ಉಳಿದಿರುವುದು ಒಂದೇ ದಾಲ್ಚಿನ್ನಿ ಬನ್ನು. ಕೊನೆಯದಕ್ಕೆ ಕೈ ಹಾಕಲು ಇಲ್ಲಿ ಯಾರಿಗೂ ಧೈರ್ಯವಿಲ್ಲ. “ನೋಡಿ, ಇವ್ರಿಗೂ ಸಂಕೋಚ ಇದೆ. ಎಲ್ಲಾ ಆ ಬನ್ನಿನ ಮೇಲೇ!” ಎಂದು ಶೋಭನಾ ಪಿಸುಗುಟ್ಟುತ್ತಾರೆ.

“ಶೋಭನಾ, ನಿನಗೆ...” ಎನ್ನುತ್ತಾರೆ ಗುನಿಲ್ಲಾ.

“ಬೇಕು!”

ಗುನಿಲ್ಲಾ ಬನ್ನಿನ ತಟ್ಟೆಯನ್ನು ಮುಂದೆ ತಳ್ಳುತ್ತಾರೆ. ಕೇಳಲು ಹೊರಟಿದ್ದು ಅದನ್ನೇ! ಮೇಜಿನ ಸುತ್ತ ಕೂತವರೆಲ್ಲ ಗೊಳ್ಳೆಂದು ನಗುತ್ತಾರೆ. ನಾಚಿಕೆಯಿಂದ ಶೋಭನಾ ಅರ್ಧ ಬನ್ನನ್ನು ಬಾಯಿಗೆ ತುರುಕಿಕೊಳ್ಳುವಷ್ಟರಲ್ಲಿ ಮುಂದಿನ ಪ್ರಶ್ನೆ: “ಸೋಮವಾರದಿಂದ ಕಾಯಂ ಆಗಿ ಬರ್ತೀಯಾ?” ಬಾಯಿ ತುಂಬಿದೆ, ಮಾತು ಹೊರಡುವುದಿಲ್ಲ. ಎಲ್ಲಿ ಮತ್ತೆ ತಪ್ಪಿಹೋಗುತ್ತದೋ ಎಂದು ಶೋಭನಾ ಹ್ಞೂಂ ಎಂದು ಜೋರಾಗಿ ತಲೆಯಾಡಿಸುತ್ತಾ ಎರಡೂ ಕೈ ಮೇಲೆತ್ತುತ್ತಾರೆ.

ಇನ್ನೇನಾಸೆ ಎಂದು ಕೇಳಿದರೆ ಕಣ್ಣೊರೆಸಿಕೊಂಡು ಹೇಳುತ್ತಾರೆ: “ಗುನಿಲ್ಲಾನ ಒಂದ್ಸಲ ಊಟಕ್ಕೆ ಕರೀಬೇಕು. ಹೋಳಿಗೆ ಮಾಡ್ತೀನಿ. ಸಾಕು ಅಂದ್ರೂ ಬಿಡಲ್ಲ, ಇನ್ನೊಂದು ಹಾಕೇ ಹಾಕ್ತೀನಿ. ಇಲ್ಲಿ ಅವ್ರ ಪದ್ಧತಿ ನಾನು ಕಲಿತೆ ಅಲ್ವಾ? ನಮ್ಮನೇಲಿ ನಮ್ಮದು.”